ಕಟ್ಟೆ ಎಷ್ಟು ಎತ್ತರ ಇಡುತ್ತೀರಿ?

ಭೀಮಾ ತೀರದ ಊರುಗಳಲ್ಲಿ ಹೊಸ ಮನೆ ಕಂಡರೆ ನಾನು ಮೊದಲು ನೋಡುವುದು ಅದರ ಕಟ್ಟೆಯನ್ನು, ಅಂದರೆ ಮನೆಯ ನೆಲವನ್ನು ಹೊರಗಿನ ಮಣ್ಣಿಗಿಂತ ಮೇಲೆ ಎತ್ತಿ ನಿಲ್ಲಿಸುವ ಬುಡವನ್ನು (ಪ್ಲಿಂತ್). 2020ರ ಅಕ್ಟೋಬರ್‌ನಲ್ಲಿ ಮಹಾರಾಷ್ಟ್ರದ ಉಜನಿ ಅಣೆಕಟ್ಟೆಯಿಂದ ಬಿಟ್ಟ ನೀರಿಗೆ ಮಳೆಯೂ ಸೇರಿ ಅಫಜಲಪುರ, ಜೇವರ್ಗಿ ಕಡೆ ಊರೂರೇ ಮುಳುಗಿದವು. ಆಮೇಲೆ ಮಣ್ಣಿನ ಗೋಡೆ ಬಿದ್ದಲ್ಲಿ ಸಿಮೆಂಟಿನ ಗೋಡೆ ಎದ್ದಿತು, ಆದರೆ ಕಟ್ಟೆ ಮಾತ್ರ ಹಳೇ ಮನೆಯಷ್ಟೇ. ಗೋಡೆ ನಿಂತೀತು. ಒಳಗಿನ ಜೋಳ, ತೊಗರಿ, ಮಕ್ಕಳ ಪುಸ್ತಕ ಉಳಿಯಬೇಕಲ್ವಾ?

ಗೌಂಡಿ "ರಸ್ತೆಗಿಂತ ಎರಡು ಅಡಿ ಸಾಕು" ಎಂದರೆ ಒಪ್ಪಬೇಡಿ. ಹಿಂದೆ ನೀರು ಎಲ್ಲಿಯ ತನಕ ಏರಿತ್ತು ಎಂದು ಹಿರಿಯರನ್ನು ಕೇಳಿ, ಗುಡಿಯ ಗೋಡೆ ಮೇಲಿನ ಕಲೆ ನೋಡಿ, ಆ ಮಟ್ಟವನ್ನು ನೀರು ತುಂಬಿದ ಪಾರದರ್ಶಕ ಲೆವೆಲ್ ಪೈಪಿನಿಂದ ನಿಮ್ಮ ಜಾಗಕ್ಕೆ ತಂದು ಅದಕ್ಕಿಂತ ಒಂದೆರಡು ಅಡಿ ಮೇಲೆ ನೆಲ ಹಾಕಿಸಿ. ಖರ್ಚು ಜಾಸ್ತಿ, ನಿಜ. ಬಣ್ಣ, ಟೈಲ್ಸ್ ಮುಂದಿನ ವರ್ಷ ಮಾಡಿಸಬಹುದು, ಪಾಯ ಆಮೇಲೆ ಎತ್ತಲಾಗದು. ನೆರೆಯಲ್ಲಿ ಮನೆ ಕಳೆದುಕೊಂಡವರಿಗೆ ಹಣ ಕೊಡುವಾಗ ಸರ್ಕಾರ ಈ ಎತ್ತರಕ್ಕೆಂದೇ ಬೇರೆ ಹಣ ಕೊಡಬೇಕು, ಇದು ನನ್ನ ಗಟ್ಟಿ ಅಭಿಪ್ರಾಯ.

ಕಟ್ಟೆಗೆ ಎರೆಮಣ್ಣು (ಕಪ್ಪು ಜಿಗುಟು ಮಣ್ಣು) ತುಂಬಬೇಡಿ. ನೀರು ಕುಡಿದರೆ ಉಬ್ಬುತ್ತದೆ, ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ, ಜೊತೆಗೆ ನೆಲವನ್ನೂ ಸೀಳುತ್ತದೆ. ಮುರುಮ್ (ಗರಸು ಮಣ್ಣು) ಹಾಕಿ, ಪದರ ಪದರವಾಗಿ ನೀರು ಹಾಯಿಸಿ ಬಡಿಸಿ. ಪಾಯವೂ ಅಷ್ಟೇ, ಎರೆ ದಾಟಿ ಗಟ್ಟಿ ನೆಲ ಸಿಗುವ ತನಕ ಇಳಿಯಬೇಕು. ತೀರಾ ಆಳ ಇದ್ದರೆ ಬುಡದಲ್ಲಿ ಅಗಲವಾಗುವ ಕಾಂಕ್ರೀಟ್ ಕಂಬ, ಅಂದರೆ ಅಂಡರ್‌ರೀಮ್ಡ್ ಪೈಲ್ ಹಾಕಬಹುದು, ಅದಕ್ಕೆ ಮಾತ್ರ ಎಂಜಿನಿಯರ್ ಬೇಕೇ ಬೇಕು. ಕಟ್ಟೆಯ ಮಟ್ಟದಲ್ಲಿ ಮತ್ತು ಬಾಗಿಲ ಮೇಲೆ ಸುತ್ತಲೂ ಕಬ್ಬಿಣದ ಸರಳು ಹಾಕಿದ ಕಾಂಕ್ರೀಟಿನ ಆರ್‌ಸಿಸಿ ಪಟ್ಟಿ ಬರಲಿ, ನಾಲ್ಕೂ ಗೋಡೆ ಒಂದಕ್ಕೊಂದು ಕಟ್ಟಿಕೊಂಡಿರುತ್ತವೆ.

ಅಷ್ಟು ಎತ್ತರ ಸಾಧ್ಯವಿಲ್ಲದ ಕಡೆ ನೀರನ್ನು ಒಳಗೆ ಬಿಡುವುದೇ ಮೇಲು. ಕೇಳಲು ವಿಚಿತ್ರ ಅನಿಸಬಹುದು, ಆದರೆ ಆಳದ ನೀರು ಹೊರಗೆ ಮಾತ್ರ ನಿಂತರೆ ಅದರ ಒತ್ತಡಕ್ಕೆ ಗೋಡೆ ಒಳಕ್ಕೆ ಬೀಳುತ್ತದೆ. ಎದುರುಬದುರು ಗೋಡೆಗಳ ಬುಡದಲ್ಲಿ ಕಿಂಡಿ ಇಟ್ಟರೆ ಎರಡೂ ಕಡೆ ನೀರು ಸಮ ಆಗುತ್ತದೆ, ಇಳಿಯುವಾಗಲೂ ಅಲ್ಲಿಂದಲೇ ಹೋಗುತ್ತದೆ. ನೆಲಕ್ಕೂ ಗೋಡೆಯ ಕೆಳಭಾಗಕ್ಕೂ ನಮ್ಮದೇ ಶಹಾಬಾದ್ ಪರ್ಸಿ (ಚಪ್ಪಡಿ ಕಲ್ಲು) ಹಾಕಿಸಿ, ತೊಳೆದರೆ ಮುಗೀತು. ಪ್ಲೈವುಡ್ ಕಪಾಟು ಬೇಡ, ಉಬ್ಬಿ ಹಾಳಾಗುತ್ತದೆ. ಸ್ವಿಚ್ ಬೋರ್ಡ್, ಮೀಟರ್ ಎದೆಮಟ್ಟಕ್ಕಿಂತ ಮೇಲಿರಲಿ. ಕಾಳಿಗೆ ಅಟ್ಟ ಬೇಕು, ಮಾಳಿಗೆಗೆ ಗಟ್ಟಿ ಮೆಟ್ಟಿಲು ಬೇಕು, ವಯಸ್ಸಾದವರೂ ರಾತ್ರಿ ಕತ್ತಲಲ್ಲಿ ಹತ್ತುವಂತೆ ಕೈಯಲ್ಲಿ ಹಿಡಿಯುವ ಕಂಬಿ ಸಮೇತ.