ಅಪ್ಪನ ಹೆಬ್ಬೆರಳು ಮತ್ತು ನನ್ನ ನಾಲ್ಕು ಆ್ಯಡ್-ಆನ್

ಹೋದ ತಿಂಗಳು ತಿಪಟೂರಿಗೆ ಹೋಗಿದ್ದಾಗ ಅಪ್ಪ ಜಗಲಿಯಲ್ಲಿ ಕೂತು ಫೋನಿನಲ್ಲಿ ಕೊಬ್ಬರಿ ರೇಟು ನೋಡುತ್ತಿದ್ದರು. ನೋಡುತ್ತಿದ್ದರು ಅನ್ನುವುದಕ್ಕಿಂತ ಒದ್ದಾಡುತ್ತಿದ್ದರು ಅನ್ನಬೇಕು. ಪುಟ ತೆರೆದ ಕೂಡಲೇ ಕೆಳಗಿನಿಂದ ಒಂದು ಜಾಹೀರಾತು ಮೇಲೇಳುತ್ತದೆ, ಅದರ ಮೂಲೆಯಲ್ಲಿ ಸಾಸಿವೆ ಕಾಳಿನಷ್ಟು ಒಂದು × ಗುರುತು, ಅಪ್ಪನ ಹೆಬ್ಬೆರಳೋ ಅದರ ಹತ್ತು ಪಟ್ಟು. ಒತ್ತಿದರೆ ಯಾವುದೋ ಸಾಲ ಕೊಡುವ ಆ್ಯಪ್‌ನ ಪುಟ. ಹಿಂದಕ್ಕೆ ಬಂದರೆ ಮತ್ತೆ ಅದೇ ಕಥೆ. "ಇದೇನೋ ಇದು, ಮುಚ್ಚಕ್ಕೆ ಹೋದ್ರೆ ಇನ್ನೊಂದು ತೆರ್ಕೊಳ್ತದೆ" ಅಂದರು.

ಫೋನ್ ಇಸ್ಕೊಂಡು ಫೈರ್‌ಫಾಕ್ಸ್ ಬ್ರೌಸರ್ ಹಾಕಿದೆ. ಅದರೊಳಗೆ ಜಾಹೀರಾತು ತಡೆಯುವ ಯುಬ್ಲಾಕ್ ಒರಿಜಿನ್ ಅನ್ನುವ ಆ್ಯಡ್-ಆನ್, ಅಂದರೆ ಬ್ರೌಸರ್‌ಗೆ ಅಂಟಿಸುವ ಪುಟ್ಟ ತಂತ್ರಾಂಶ, ಸೇರಿಸಿದೆ. ಐದು ನಿಮಿಷವೂ ಆಗಲಿಲ್ಲ.

"ಯಾವ ಬ್ರೌಸರ್ ಒಳ್ಳೇದು" ಅಂತ ಕೇಳಿದವರಿಗೆಲ್ಲ ನಾನು ಮೊದಲು ಹೇಳುವುದು ಈ ಫೋನಿನ ವಿಷಯವನ್ನೇ. ಆಂಡ್ರಾಯ್ಡ್ ಫೋನಿನ ಕ್ರೋಮ್‌ಗೆ ಆ್ಯಡ್-ಆನ್ ಹಾಕಲು ಬರುವುದಿಲ್ಲ. ಫೈರ್‌ಫಾಕ್ಸ್‌ಗೆ ಬರುತ್ತದೆ. 2020ರಲ್ಲಿ ಫೈರ್‌ಫಾಕ್ಸ್‌ನವರು ಆಂಡ್ರಾಯ್ಡ್ ಆವೃತ್ತಿಯನ್ನು ಹೊಸದಾಗಿ ಬರೆದಾಗ ಬೆರಳೆಣಿಕೆಯ ಆ್ಯಡ್-ಆನ್‌ಗಳಿಗೆ ಮಾತ್ರ ಜಾಗ ಕೊಟ್ಟಿದ್ದರು, 2023ರ ಡಿಸೆಂಬರ್‌ನಲ್ಲಿ ಬಾಗಿಲು ಪೂರ್ತಿ ತೆಗೆದರು. ಐಫೋನ್ ಇದ್ದವರಿಗೆ ಈ ಮಾತು ಅನ್ವಯಿಸಲ್ಲ. ನಮ್ಮಲ್ಲಿ ಸಿಗುವ ಐಫೋನಿನಲ್ಲಿ ಯಾವ ಬ್ರೌಸರ್ ಹಾಕಿದರೂ ಒಳಗೆ ಓಡುವ ಎಂಜಿನ್, ಅಂದರೆ ಪುಟವನ್ನು ತೆರೆದು ತೋರಿಸುವ ಭಾಗ, ಸಫಾರಿಯ ವೆಬ್‌ಕಿಟ್ಟೇ.

ಕಂಪ್ಯೂಟರ್‌ನಲ್ಲೂ ಆಯ್ಕೆ ಇದೆ ಅಂತ ಅನಿಸುತ್ತದೆ, ಅಷ್ಟೇ. ಒಪೆರಾ 2013ರಲ್ಲಿ ತನ್ನ ಸ್ವಂತ ಎಂಜಿನ್ ಬಿಟ್ಟು ಕ್ರೋಮ್‌ನ ಬುನಾದಿಯಾದ ಕ್ರೋಮಿಯಂ ಹಿಡಿಯಿತು. ಎಡ್ಜ್ 2020ರಲ್ಲಿ ಅದೇ ದಾರಿಗೆ ಬಂತು. ಬ್ರೇವ್, ವಿವಾಲ್ಡಿ ಎರಡೂ ಅದರದ್ದೇ. ಹೋಟೆಲ್ ಬೋರ್ಡು ಬೇರೆ ಬೇರೆ, ಹಿಂದಿನ ಅಡುಗೆಮನೆ ಒಂದೇ. ಆ ಅಡುಗೆಮನೆಯಲ್ಲಿ ನಡೆಯುವುದು ಹೆಚ್ಚಾಗಿ ಗೂಗಲ್ ಮಾತು. ಹಾಗಂತ ಫೈರ್‌ಫಾಕ್ಸ್ ಏನು ಮುನಿ ಅಲ್ಲ, ಅದರ ಸಂಪಾದನೆಯ ದೊಡ್ಡ ಪಾಲು ಬರುವುದೇ ಗೂಗಲ್ ಸರ್ಚ್ ಒಪ್ಪಂದದಿಂದ. ಇದನ್ನು ನೆನೆಸಿಕೊಂಡಾಗೆಲ್ಲ ನಗು ಬರುತ್ತದೆ.

ನಾನು ಮೊದಲಿನಿಂದ ಫೈರ್‌ಫಾಕ್ಸ್ ಭಕ್ತನೇನೂ ಅಲ್ಲ. ಕಾಲೇಜು ದಿನಗಳಲ್ಲಿ ಸೈಬರ್ ಕೆಫೆಯಲ್ಲಿ ಗಂಟೆಗೆ ಇಷ್ಟು ಅಂತ ದುಡ್ಡು ಕೊಟ್ಟು ಕೂತಾಗ ಇಂಟರ್ನೆಟ್ ಎಕ್ಸ್‌ಪ್ಲೋರರ್ 6 ಇತ್ತು, ಒಂದೊಂದು ಪುಟಕ್ಕೂ ಒಂದೊಂದು ಕಿಟಕಿ. ಪಕ್ಕದ ಮೆಷಿನ್‌ನಲ್ಲಿ ಯಾರೋ ಫೈರ್‌ಫಾಕ್ಸ್ ಹಾಕಿಟ್ಟಿದ್ದರು, ಒಂದೇ ಕಿಟಕಿಯಲ್ಲಿ ಸಾಲಾಗಿ ಟ್ಯಾಬ್. ಆಮೇಲೆ ನಾನು ಬೇಕಂತಲೇ ಆ ಮೆಷಿನ್ ಖಾಲಿ ಆಗುವವರೆಗೂ ಕಾಯುತ್ತಿದ್ದೆ. 2008ರಲ್ಲಿ ಕ್ರೋಮ್ ಬಂತು, ಬೆಂಕಿ ಥರ ಓಡುತ್ತಿತ್ತು, ನಾನೂ ಆ ಕಡೆ ಹಾರಿದೆ. ವಾಪಸ್ ಬಂದಿದ್ದು 2017ರ ಕೊನೆಗೆ, ಫೈರ್‌ಫಾಕ್ಸ್ 57 ಬಂದಾಗ. ವೇಗ ಚೆನ್ನಾಗಿತ್ತು, ಆದರೆ ಹಳೇ ಆ್ಯಡ್-ಆನ್‌ಗಳೆಲ್ಲ ಒಂದೇ ಏಟಿಗೆ ಸತ್ತಿದ್ದವು. ಎಷ್ಟೋ ಜನ ಆ ಸಿಟ್ಟಿಗೇ ಬಿಟ್ಟು ಹೋದರು.

ಈಗ ಕನ್ನಡ ಓದುವ ವಿಷಯ. ನನಗೆ ಇದೇ ಜಾಸ್ತಿ ಮುಖ್ಯ. ಇಂಗ್ಲಿಷ್ ಅಕ್ಷರಕ್ಕೆ ಸರಿಹೋಗುವ ಗಾತ್ರ ಕನ್ನಡಕ್ಕೆ ಸಾಲುವುದಿಲ್ಲ. "ರಾಷ್ಟ್ರೀಯ" ಅನ್ನುವ ಪದ ನೋಡಿ. ಷ ಕೆಳಗೆ ಟ ಒತ್ತು, ಅದರ ಜೊತೆಗೆ ರ ಒತ್ತು, ಮೇಲೆ ಗುಡಿಸು, ಪಕ್ಕದಲ್ಲಿ ದೀರ್ಘ. ಸಾಲುಗಳ ನಡುವೆ ಜಾಗ ಕಮ್ಮಿ ಇದ್ದರೆ ಈ ಒತ್ತುಗಳು ಕೆಳಗಿನ ಸಾಲಿನ ಅಕ್ಷರಗಳ ತಲೆ ಮೇಲೆ ಕೂರುತ್ತವೆ. ಫೈರ್‌ಫಾಕ್ಸ್ ಸೆಟ್ಟಿಂಗ್ಸ್‌ನಲ್ಲಿ ಫಾಂಟ್ ಅಂತ ಇದೆ, ಅದರೊಳಗೆ ಅಡ್ವಾನ್ಸ್ಡ್ ಒತ್ತಿದರೆ ಒಂದೊಂದು ಲಿಪಿಗೂ ಬೇರೆ ಬೇರೆ ಫಾಂಟ್ ಆರಿಸಬಹುದು. ನಾನು ಕನ್ನಡಕ್ಕೆ ನೋಟೋ ಸಾನ್ಸ್ ಕನ್ನಡ ಇಟ್ಟು, ಕನಿಷ್ಠ ಗಾತ್ರ 16 ಮಾಡಿದ್ದೇನೆ. ಆದರೆ ಈ ಗಾತ್ರ ಸರಿಯಾಗಿ ಕೆಲಸ ಮಾಡಬೇಕಾದರೆ ಸೈಟಿನವರು ಪುಟದ ಭಾಷೆ ಕನ್ನಡ ಅಂತ ಒಳಗೆ ಗುರುತು ಹಾಕಿರಬೇಕು. ಕೆಲವರು ಕನ್ನಡ ಬರೆದು ಇಂಗ್ಲಿಷ್ ಅಂತ ಗುರುತು ಹಾಕಿರುತ್ತಾರೆ, ಏನು ಮಾಡೋಣ. ಅಂಥ ಕಡೆ ರೀಡರ್ ವ್ಯೂ ಬಳಸುತ್ತೇನೆ. ವಿಂಡೋಸ್‌ನಲ್ಲಿ ಎಫ್9 ಒತ್ತಿದರೆ ಸಾಕು, ಲೇಖನ ಮಾತ್ರ ಉಳಿಯುತ್ತದೆ, ಸಾಲುಗಳ ಅಂತರವನ್ನೂ ಅಲ್ಲೇ ಹೆಚ್ಚಿಸಬಹುದು. ಒತ್ತಕ್ಷರಗಳಿಗೆ ಉಸಿರಾಡಲು ಜಾಗ ಸಿಗುತ್ತದೆ. ಇದಕ್ಕೆ ಯಾವ ಆ್ಯಡ್-ಆನೂ ಬೇಡ.

ಇನ್ನು ಆ್ಯಡ್-ಆನ್. ಒಂದು ಕಾಲದಲ್ಲಿ ನನ್ನ ಹತ್ತಿರ ಇಪ್ಪತ್ಮೂರು ಇದ್ದವು. ಹವಾಮಾನಕ್ಕೊಂದು, ಕೂಪನ್‌ಗೊಂದು, ಬಣ್ಣ ಹೆಕ್ಕಲು ಒಂದು. ಅದರಲ್ಲೊಂದು ಸ್ಕ್ರೀನ್‌ಶಾಟ್ ತೆಗೆಯುವುದು, ಎರಡು ವರ್ಷ ಚೆನ್ನಾಗೇ ಕೆಲಸ ಮಾಡಿತ್ತು. ಒಂದು ದಿನ ನೋಡಿದರೆ ನಾನು ಏನು ಹುಡುಕಿದರೂ ಮೊದಲ ಮೂರು ಫಲಿತಾಂಶ ಯಾವುದೋ ಅಂಗಡಿಯದ್ದು. ವೈರಸ್ ಇರಬೇಕು ಅಂತ ಇಡೀ ಭಾನುವಾರ ಲ್ಯಾಪ್‌ಟಾಪ್ ತಡಕಾಡಿದೆ. ಕೊನೆಗೆ ಒಂದೊಂದೇ ಆ್ಯಡ್-ಆನ್ ಆಫ್ ಮಾಡುತ್ತಾ ಬಂದಾಗ ಸಿಕ್ಕಿಬಿತ್ತು. ಬರೆದವರು ಅದನ್ನು ಇನ್ಯಾರಿಗೋ ಮಾರಿದ್ದರು, ಕೊಂಡವರು ಸದ್ದಿಲ್ಲದೆ ಅಪ್‌ಡೇಟ್ ಕಳಿಸಿದ್ದರು. ಹಾಕುವಾಗ "ಎಲ್ಲ ವೆಬ್‌ಸೈಟ್‌ಗಳಲ್ಲಿನ ನಿಮ್ಮ ಮಾಹಿತಿ ಓದಲು, ಬದಲಿಸಲು" ಅಂತ ಅನುಮತಿ ಕೇಳುತ್ತದಲ್ಲ, ಅದಕ್ಕೆ ಹೂಂ ಅಂದಿದ್ದು ನಾನೇ. ಬ್ಯಾಂಕ್ ಪುಟವೂ ಎಲ್ಲ ವೆಬ್‌ಸೈಟ್‌ಗಳಲ್ಲಿ ಒಂದು ಅಂತ ಆಗ ಹೊಳೆದಿರಲಿಲ್ಲ.

ಈಗ ಇರುವುದು ನಾಲ್ಕೇ. ಮೊದಲನೆಯದು ಯುಬ್ಲಾಕ್ ಒರಿಜಿನ್. ರೇಮಂಡ್ ಹಿಲ್ ಅನ್ನುವವರು ಬರೆದದ್ದು, ದೇಣಿಗೆ ಕೂಡ ತಗೊಳ್ಳುವುದಿಲ್ಲ. ಹೆಸರಿನಲ್ಲಿ ಒರಿಜಿನ್ ಇದೆಯಾ ಅಂತ ನೋಡಿಕೊಂಡು ಹಾಕಿ, ಬರೀ ಯುಬ್ಲಾಕ್ ಅನ್ನುವುದು ಬೇರೆಯವರದ್ದು. ಕ್ರೋಮ್‌ನಲ್ಲಿ ಇದು ಈಗ ಓಡುವುದಿಲ್ಲ. ಗೂಗಲ್‌ನವರು ಆ್ಯಡ್-ಆನ್ ನಿಯಮ ಬದಲಿಸಿ 2024ರಿಂದ ಹಳೇ ನಿಯಮದವನ್ನು ಆಫ್ ಮಾಡುತ್ತಾ ಬಂದರು. ಮೊದಲು ಚಿತ್ರ, ಜಾಹೀರಾತು ಅಂತ ಪುಟವು ಹೊರಗಿನಿಂದ ತರಿಸುವ ಪ್ರತಿಯೊಂದರ ಕೋರಿಕೆಯನ್ನೂ ಆ್ಯಡ್-ಆನೇ ನೋಡಿ ಬಿಡುವುದೋ ತಡೆಯುವುದೋ ಅಂತ ತೀರ್ಮಾನಿಸುತ್ತಿತ್ತು. ಈಗ ಮುಂಚೆಯೇ ಒಂದು ಪಟ್ಟಿ ಕೊಟ್ಟು ಸುಮ್ನೆ ಕೂರಬೇಕು, ತಡೆಯುವ ಕೆಲಸ ಬ್ರೌಸರ್‌ನದ್ದು. ಆ ನಿಯಮಕ್ಕೆ ಹೊಂದುವ ಲೈಟ್ ಆವೃತ್ತಿ ಇದೆ, ಪರವಾಗಿಲ್ಲ, ಆದರೆ ಅಷ್ಟಕ್ಕಷ್ಟೇ.

ಎರಡನೆಯದು ಪಾಸ್‌ವರ್ಡ್‌ಗಳನ್ನು ಜೋಪಾನವಾಗಿ ಇಟ್ಟುಕೊಳ್ಳುವ ಬಿಟ್‌ವಾರ್ಡನ್. ಇದರ ಬಗ್ಗೆ ಹೇಳಲು ಹೆಚ್ಚಿಲ್ಲ, ಡೈರಿಯಲ್ಲಿ ಬರೆದಿಡುವುದಕ್ಕಿಂತ ವಾಸಿ.

ಮೂರನೆಯದು ಮಲ್ಟಿ-ಅಕೌಂಟ್ ಕಂಟೇನರ್ಸ್, ಫೈರ್‌ಫಾಕ್ಸ್‌ನವರೇ ಮಾಡಿದ್ದು. ಆಫೀಸ್ ಮೇಲ್ ಒಂದು ಡಬ್ಬಿ, ಮನೆ ಮೇಲ್ ಒಂದು ಡಬ್ಬಿ, ಬ್ಯಾಂಕ್ ಒಂದು ಡಬ್ಬಿ. ಒಂದರ ಕುಕೀ (ನಮ್ಮನ್ನು ಗುರುತಿಡಲು ಸೈಟು ಬ್ರೌಸರ್‌ನಲ್ಲಿ ಇಡುವ ಚೀಟಿ) ಇನ್ನೊಂದಕ್ಕೆ ಕಾಣುವುದಿಲ್ಲ, ಟ್ಯಾಬ್ ಮೇಲೆ ಬಣ್ಣದ ಗೆರೆ ಇರುವುದರಿಂದ ಯಾವುದು ಯಾವುದು ಅಂತ ಗೊತ್ತಾಗುತ್ತದೆ. ಅಮ್ಮನ ಅಕೌಂಟ್‌ನಿಂದ ಬಾಸ್‌ಗೆ ಮೇಲ್ ಹೋದ ಮೇಲೆ ಹಾಕಿಕೊಂಡದ್ದು.

ಕೊನೆಯದು ಸಿಂಗಲ್‌ಫೈಲ್. ತೆರೆದಿರುವ ಪುಟವನ್ನು ಚಿತ್ರಗಳ ಸಮೇತ ಒಂದೇ ಫೈಲಾಗಿ ಉಳಿಸಿಕೊಡುತ್ತದೆ. ಹತ್ತು ಹದಿನೈದು ವರ್ಷದ ಹಿಂದೆ ನಾನು ದಿನಾ ಓದುತ್ತಿದ್ದ ಕನ್ನಡ ಬ್ಲಾಗುಗಳಲ್ಲಿ ಎಷ್ಟೋ ಈಗ ಇಲ್ಲ, ಬುಕ್‌ಮಾರ್ಕ್ ಒತ್ತಿದರೆ ಖಾಲಿ ಪುಟ. ಈಗ ಇಷ್ಟವಾದದ್ದನ್ನೆಲ್ಲ ಆಗಿಂದಾಗಲೇ ಉಳಿಸಿಬಿಡುತ್ತೇನೆ.

ಕ್ರೋಮ್ ಅಳಿಸಿಲ್ಲ. ಕೆಲವು ಸರ್ಕಾರಿ ಫಾರಂಗಳು ಅದರಲ್ಲೇ ಸಲೀಸು, ವಾದ ಮಾಡಿ ಪ್ರಯೋಜನ ಇಲ್ಲ.

ಅಪ್ಪನ ಫೋನಿನಲ್ಲಿ ಒಂದು ಬದಲಾವಣೆ ಮಾಡಿದ್ದೇನೆ. ಅವರು ದಿನಾ ಓದುವ ಒಂದು ಚಿಕ್ಕ ಕನ್ನಡ ಸುದ್ದಿ ಸೈಟಿಗೆ ಮಾತ್ರ ಯುಬ್ಲಾಕ್ ಒರಿಜಿನ್ ಆಫ್ ಮಾಡಿದ್ದೇನೆ. ಆ ಸೈಟಿನವರ ಹೊಟ್ಟೆಪಾಡೂ ಜಾಹೀರಾತೇ ಅಲ್ವಾ, ನಾವಂತೂ ಚಂದಾ ಕಟ್ಟುತ್ತಿಲ್ಲ. ಮರುದಿನ ಬೆಳಗ್ಗೆ ಏಳು ಗಂಟೆಗೇ ಫೋನು ಬಂತು.

"ಲೋ, ಅದು ಮತ್ತೆ ಬಂದದೆ ಕಣೋ."

"ಬರ್ಲಿ ಬಿಡಪ್ಪ, ಅದೊಂದ್ರಲ್ಲಿ ಬರ್ಲಿ."