ಕೀ ತಿರುಗಿಸುವ ಮುಂಚೆ: ಮೊದಲ ಸೆಕೆಂಡ್ ಹ್ಯಾಂಡ್ ಬೈಕ್ ನೋಡುವ ಬಗೆ

ಸೆಕೆಂಡ್ ಹ್ಯಾಂಡ್ ಬೈಕ್ ನೋಡಲು ಹೋದವರು ಹೆಚ್ಚಾಗಿ ಮಾಡುವ ಮೊದಲ ಕೆಲಸ ಸ್ಟಾರ್ಟ್ ಮಾಡಿ ಆಕ್ಸಿಲರೇಟರ್ ತಿರುವುವುದು. ಆದರೆ ಎಂಜಿನ್ ಹಾಳಾಗಿದ್ದರೆ ಹಾಫ್ ಎಂಜಿನ್ ಕೆಲಸವೋ ಫುಲ್ ಎಂಜಿನ್ ಕೆಲಸವೋ ಅಂತ ಮೆಕ್ಯಾನಿಕ್ ಇಷ್ಟು ಖರ್ಚು ಎಂದು ಹೇಳಬಲ್ಲ. ಚಾಸಿ, ಅಂದರೆ ಬೈಕನ್ನು ಹೊತ್ತಿರುವ ಕಬ್ಬಿಣದ ಚೌಕಟ್ಟು, ಸೊಟ್ಟಗಾಗಿದ್ದರೆ ಆ ಲೆಕ್ಕಕ್ಕೆ ಕೊನೆಯೇ ಇಲ್ಲ. ಹೊಸದಾಗಿ ಕಲಿತವರಿಗೆ ಬೈಕ್ ಒಂದು ಕಡೆಗೆ ಎಳೆಯುತ್ತಿದ್ದರೆ ಅದು ಬೈಕಿನ ತಪ್ಪೋ ತಮ್ಮ ತಪ್ಪೋ ಎಂಬುದೂ ಗೊತ್ತಾಗುವುದಿಲ್ಲ. ಹಾಗಾಗಿ ಮೊದಲು ಚಾಸಿ, ಆಮೇಲೆ ಎಂಜಿನ್.

ಯಾವ ಬೈಕ್ ಅನ್ನುವುದಕ್ಕೆ ನನ್ನ ಉತ್ತರ ಚಿಕ್ಕದು: ಹಗುರವಾದದ್ದು. ಸ್ಪ್ಲೆಂಡರ್ ಪ್ಲಸ್ ಸುಮಾರು 112 ಕೆಜಿ, ಕ್ಲಾಸಿಕ್ 350 ಬರೋಬ್ಬರಿ 195 ಕೆಜಿ. ಸಿಗ್ನಲ್‌ನಲ್ಲಿ ಕಾಲೂರಿದಾಗ, ಇಳಿಜಾರಿನಲ್ಲಿ ಹಿಂದಕ್ಕೆ ತಳ್ಳುವಾಗ ಆ 80 ಕೆಜಿ ಏನೆಂದು ತಿಳಿಯುತ್ತದೆ. 100ರಿಂದ 125 ಸಿಸಿ ಒಳಗೆ ಶೈನ್, ಸ್ಪ್ಲೆಂಡರ್ ತರಹದ್ದು ಸಾಕು. 150–160 ಸಿಸಿಯೇ ಬೇಕಿದ್ದರೆ 2019ರ ಏಪ್ರಿಲ್ ನಂತರದ್ದನ್ನೇ ಹುಡುಕಿ. 125 ಸಿಸಿಗಿಂತ ಮೇಲಿನ ಬೈಕ್‌ಗಳಿಗೆಲ್ಲ ಬ್ರೇಕ್ ಅದುಮಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಕಡ್ಡಾಯವಾದದ್ದು ಆಗ. ಗಾಬರಿಯಲ್ಲಿ ಬ್ರೇಕ್ ಅದುಮುವ ಹೊಸಬರಿಗೆ ಅದರಷ್ಟು ಉಪಕಾರಿ ಇನ್ನೊಂದಿಲ್ಲ.

ಬೆಳಗ್ಗೆ ಹೋಗಿ, ಬಿಸಿಲಿರುವ ಜಾಗದಲ್ಲಿ ನೋಡಿ. ಬರುವ ಮುಂಚೆ ಸ್ಟಾರ್ಟ್ ಮಾಡಬೇಡಿ ಎಂದು ಮಾಲೀಕರಿಗೆ ಹೇಳಿರಿ. ಹೋದ ಕೂಡಲೇ ಅಂಗೈಯ ಹಿಂಭಾಗವನ್ನು ಎಂಜಿನ್ ಹತ್ತಿರ ಹಿಡಿಯಿರಿ. ಬೆಚ್ಚಗಿದ್ದರೆ ಯಾರೋ ಆಗಲೇ ಓಡಿಸಿದ್ದಾರೆ. ತಣ್ಣಗಿನ ಎಂಜಿನ್ ಹೇಗೆ ಸ್ಟಾರ್ಟ್ ಆಗುತ್ತದೆಂದು ಇವತ್ತು ನಿಮಗೆ ಗೊತ್ತಾಗುವುದಿಲ್ಲ. ಇನ್ನೊಂದು ದಿನ ಬರುತ್ತೇನೆ ಅನ್ನಲು ಸಂಕೋಚ ಬೇಡ.

ಹ್ಯಾಂಡಲ್ ತಿರುಗಿಸಿ ಕುತ್ತಿಗೆಯ ಬಳಿ ಚಾಸಿ ನಂಬರ್ ನೋಡಿ. ಆರ್‌ಸಿಯಲ್ಲಿರುವ 17 ಅಕ್ಷರಗಳನ್ನು ಒಂದೊಂದಾಗಿ ತಾಳೆ ಹಾಕಿ. ಅಕ್ಷರಗಳ ಆಳ, ಅಂತರ ಒಂದೇ ಸಮ ಇರಬೇಕು. ಅಲ್ಲಿ ಮಾತ್ರ ಉಜ್ಜಿದ ಗುರುತೋ ಹೊಸ ಬಣ್ಣವೋ ಇದ್ದರೆ ಮುಂದಿನ ಮಾತು ಬೇಡ, ವಾಪಸ್ ಬನ್ನಿ. ಎಂಜಿನ್ ನಂಬರ್‌ಗೂ ಇದೇ ಮಾತು.

ಅಲ್ಲೇ ಕೆಳಗೆ ಬಗ್ಗಿ. ಹ್ಯಾಂಡಲ್ ಪೂರ್ತಿ ತಿರುಗಿದಾಗ ತಡೆಯುವ ಪುಟ್ಟ ಕಬ್ಬಿಣದ ಸ್ಟಾಪರ್‌ಗಳು ಎರಡೂ ಬದಿಗೆ ಇರುತ್ತವೆ. ಬೈಕ್ ಜೋರಾಗಿ ಬಿದ್ದಾಗ ಏಟು ತಿನ್ನುವುದು ಇವೇ. ಜಜ್ಜಿದ್ದರೆ, ಬಿರುಕು ಬಿಟ್ಟಿದ್ದರೆ, ವೆಲ್ಡಿಂಗ್ ಮಾಡಿದ್ದರೆ ಪಾಲಿಶ್ ಎಷ್ಟೇ ಹೊಳೆಯಲಿ, ಅದು ದೊಡ್ಡ ಏಟು ಬಿದ್ದ ಬೈಕ್. ಕುತ್ತಿಗೆಯ ಹಿಂದೆ, ಟ್ಯಾಂಕ್ ಕೆಳಗಿನ ಪೈಪ್ ಮೇಲೆ ಟಾರ್ಚ್ ಬಿಡಿ. ಅಲ್ಲಿ ಬಣ್ಣ ಸುಕ್ಕುಗಟ್ಟಿದ್ದರೆ ಮುಂದಿನಿಂದ ಗುದ್ದಿ ಪೈಪ್ ಬಾಗಿದೆ ಎಂದರ್ಥ.

ಈಗ ಸೆಂಟರ್ ಸ್ಟ್ಯಾಂಡ್ ಹಾಕಿ, ಹಿಂದೆ ಯಾರಾದರೂ ಅದುಮಿ ಮುಂದಿನ ಚಕ್ರ ನೆಲಬಿಡಲಿ. ಎರಡು ಬೆರಳಲ್ಲಿ ಹ್ಯಾಂಡಲ್ ಅನ್ನು ಎಡತುದಿಯಿಂದ ಬಲತುದಿಗೆ ನಿಧಾನ ತಿರುಗಿಸಿ. ಬೆಣ್ಣೆಯಲ್ಲಿ ಜಾರಿದಂತೆ ಹೋಗಬೇಕು. ಸರಿಯಾಗಿ ನೇರಕ್ಕೆ ಬಂದಾಗ ಯಾವುದೋ ಗುಳಿಗೆ ಇಳಿದಂತೆ ಟಕ್ ಅಂತ ನಿಂತರೆ ಕೋನ್ ಸೆಟ್ (ಹ್ಯಾಂಡಲ್ ತಿರುಗಲು ಕುತ್ತಿಗೆಯಲ್ಲಿರುವ ಬೇರಿಂಗ್) ಹೋಗಿದೆ. ಬೈಕ್ ಬಹುಪಾಲು ನೇರವಾಗಿಯೇ ಓಡುವುದರಿಂದ ಪ್ರತಿ ಗುಂಡಿಯ ಏಟಿಗೂ ಬಾಲ್‌ಗಳು ಅದೇ ಜಾಗದಲ್ಲಿ ಕುಟ್ಟಿ ಗುಳಿ ಮಾಡುತ್ತವೆ. ನಿಧಾನಕ್ಕೆ ಹೋಗುವಾಗ ಬೈಕ್ ಅತ್ತಿತ್ತ ಓಲಾಡುವುದು ಇದರಿಂದಲೇ, ಹೊಸಬರು ಅದನ್ನು ತಮ್ಮ ಬ್ಯಾಲೆನ್ಸ್ ತಪ್ಪು ಅಂದುಕೊಳ್ಳುತ್ತಾರೆ. ಬದಲಿಸಬಹುದಾದ ಸಾಮಾನು ಇದು, ಬೆಲೆ ಇಳಿಸಲು ಒಳ್ಳೆಯ ಕಾರಣ. ಆಮೇಲೆ ಮುಂದಿನ ಚಕ್ರವನ್ನು ಎರಡೂ ಬದಿ ಹಿಡಿದಿರುವ ಫೋರ್ಕ್‌ಗಳ ಕೆಳತುದಿ ಹಿಡಿದು ಹಿಂದೆ ಮುಂದೆ ಅಲ್ಲಾಡಿಸಿ, ಕಟಕಟ ಆಡಬಾರದು. ಫೋರ್ಕ್ ರಾಡ್ ಮೇಲೆ ಉಗುರು ಎಳೆಯಿರಿ. ಉಗುರಿಗೆ ತುಕ್ಕಿನ ಚುಕ್ಕಿ ಸಿಕ್ಕರೆ ಹೊಸ ಆಯಿಲ್ ಸೀಲ್ ಹಾಕಿಸಿದರೂ ಬೇಗ ಹರಿದು ಮತ್ತೆ ಸೋರುತ್ತದೆ.

ಹಿಂದಿನ ಚಕ್ರ ಹಿಡಿದು ಪಕ್ಕಕ್ಕೆ ಅಲ್ಲಾಡಿಸಿದಾಗ ಆಟ ಇದ್ದರೆ ಸ್ವಿಂಗ್ ಆರ್ಮ್ (ಹಿಂದಿನ ಚಕ್ರವನ್ನು ಚಾಸಿಗೆ ಸೇರಿಸುವ ತೋಳು) ಬುಷ್ ಅಥವಾ ವೀಲ್ ಬೇರಿಂಗ್ ಸವೆದಿದೆ. ಚೈನನ್ನು ಹಿಂದಿನ ಸ್ಪ್ರಾಕೆಟ್‌ನಿಂದ ಹಿಂದಕ್ಕೆ ಎಳೆದು ನೋಡಿ. ಹಲ್ಲಿನ ಅರ್ಧಭಾಗ ಕಾಣುವಷ್ಟು ಎದ್ದು ಬಂದರೆ ಚೈನ್ ಸ್ಪ್ರಾಕೆಟ್ ಸೆಟ್ ಪೂರ್ತಿ ಬದಲಿಸಬೇಕು. ಚೈನ್ ಮಾತ್ರ ಬದಲಿಸಿದರೆ ಹಳೆ ಹಲ್ಲುಗಳು ಹೊಸ ಚೈನನ್ನೂ ತಿನ್ನುತ್ತವೆ.

ಟೈರ್ ಪಕ್ಕದಲ್ಲಿ ನಾಲ್ಕು ಅಂಕಿಗಳಿರುತ್ತವೆ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಟೈರಿನ ಬಟನ್ ಸವೆಯದೆ ಚೆನ್ನಾಗಿದ್ದರೂ ಐದಾರು ವರ್ಷ ಹಳೆಯದಾದರೆ ರಬ್ಬರ್ ಗಟ್ಟಿಯಾಗಿರುತ್ತದೆ, ಮೊದಲ ಮಳೆಯ ರಸ್ತೆಯಲ್ಲಿ ಜಾರುತ್ತದೆ. ಇದೇ ಅಂಕಿ ಕಿಲೋಮೀಟರ್ ಸುಳ್ಳನ್ನೂ ಹಿಡಿಯುತ್ತದೆ: 2019ರ ಬೈಕ್ 12,000 ಕಿ.ಮೀ. ತೋರಿಸುತ್ತಿದ್ದು ಹಿಂದಿನ ಟೈರ್ 2023ರದ್ದಾಗಿದ್ದರೆ ಯಾಕೆ ಎಂದು ಕೇಳಿ. ಸವೆದು ನುಣ್ಣಗಾದ ಬ್ರೇಕ್ ಪೆಡಲ್, ಫುಟ್‌ರೆಸ್ಟ್ ರಬ್ಬರ್ ಕೂಡ ಮೀಟರ್‌ಗಿಂತ ನಿಜ ಹೇಳುತ್ತವೆ.

ಇಷ್ಟಾದ ಮೇಲೆ ಕೀ. ಎಬಿಎಸ್ ಇರುವ ಬೈಕ್ ಆದರೆ ಅದರ ದೀಪ ಹತ್ತಬೇಕು, ಬೈಕ್ ಸ್ವಲ್ಪ ಓಡಿದ ಮೇಲೆ ಆರಬೇಕು. ಹತ್ತದೇ ಇದ್ದರೆ ದೋಷ ಮುಚ್ಚಲು ಯಾರಾದರೂ ದೀಪವನ್ನೇ ತೆಗೆದಿರಬಹುದು. ಎಫ್‌ಐ (ಕಾರ್ಬ್ಯುರೇಟರ್ ಬದಲು ಫ್ಯೂಯಲ್ ಇಂಜೆಕ್ಷನ್ ಇರುವ) ಬೈಕ್‌ಗಳಲ್ಲಿ ಚೆಕ್ ಎಂಜಿನ್ ದೀಪ ಕೀ ತಿರುಗಿಸಿದಾಗ ಹತ್ತಿ, ಎಂಜಿನ್ ಸ್ಟಾರ್ಟ್ ಆದ ಮೇಲೆ ಆರಬೇಕು. ಮಲ್ಟಿಮೀಟರ್ ಇದ್ದರೆ ಬ್ಯಾಟರಿಗೆ ಹಿಡಿಯಿರಿ: ಆಫ್ ಇದ್ದಾಗ 12.4 ವೋಲ್ಟ್‌ಗಿಂತ ಮೇಲೆ, ಆಕ್ಸಿಲರೇಟರ್ ಕೊಟ್ಟಾಗ 13.5ರಿಂದ 14.5. ಹದಿನೈದು ದಾಟಿದರೆ ವೋಲ್ಟೇಜ್ ಹಿಡಿತದಲ್ಲಿಡುವ ರೆಗ್ಯುಲೇಟರ್ ಕೆಟ್ಟಿದೆ.

ಸ್ಟಾರ್ಟ್ ಮಾಡಿ ಸೈಲೆನ್ಸರ್ ಕಡೆ ನೋಡಿ. ಚಳಿಯ ಬೆಳಗ್ಗೆ ಸ್ವಲ್ಪ ಬಿಳಿ ಹಬೆ ಬಂದು ಹೋಗುವುದು ಸಹಜ. ನೀಲಿ ಹೊಗೆ ಎಂದರೆ ಆಯಿಲ್ ಸುಡುತ್ತಿದೆ. ಆಕ್ಸಿಲರೇಟರ್ ಬಿಟ್ಟು ಮತ್ತೆ ಕೊಟ್ಟಾಗ ಮಾತ್ರ ಒಂದು ಉಂಡೆ ಬಂದರೆ ಬಹುತೇಕ ವಾಲ್ವ್ ಸೀಲ್, ಚಿಕ್ಕ ಕೆಲಸ. ಎಳೆದಷ್ಟೂ ಬರುತ್ತಿದ್ದರೆ ಪಿಸ್ಟನ್ ರಿಂಗ್, ಬೋರ್ (ಪಿಸ್ಟನ್ ಓಡಾಡುವ ಕೊಳವೆ) ಸವೆದಿದೆ. ಎಂಜಿನ್ ಮೇಲ್ಭಾಗದಿಂದ ಬರುವ ಟ್ಯಾಪೆಟ್‌ನ ಸಣ್ಣ ಟಿಕ್ ಟಿಕ್‌ಗೆ ಹೆದರಬೇಡಿ. ಎಂಜಿನ್ ಕೆಳಗಿನಿಂದ ಸುತ್ತಿಗೆಯಲ್ಲಿ ಕುಟ್ಟಿದ ಹಾಗೆ ಶಬ್ದ ಬಂದರೆ ಕ್ರ್ಯಾಂಕ್ (ಪಿಸ್ಟನ್ ತಿರುಗಿಸುವ ಒಳಗಿನ ದಂಡ) ಕೆಲಸ ಇರಬಹುದು, ಆ ಬೈಕ್ ಬಿಟ್ಟುಬಿಡಿ.

ಓಡಿಸುವಾಗ ನಾಲ್ಕನೇ ಗೇರ್‌ನಲ್ಲಿ 40ರ ವೇಗದಿಂದ ಒಮ್ಮೆಲೇ ಆಕ್ಸಿಲರೇಟರ್ ಕೊಡಿ. ಎಂಜಿನ್ ಕೂಗು ಏರಿ ವೇಗ ಏರದಿದ್ದರೆ ಕ್ಲಚ್ ಪ್ಲೇಟ್ ಮುಗಿದಿದೆ. ಖಾಲಿ ರಸ್ತೆಯಲ್ಲಿ ಹಿಡಿತ ಸಡಿಲಿಸಿ, ಕೈ ಬಿಡಬೇಡಿ. ಅಷ್ಟಕ್ಕೇ ಒಂದು ಕಡೆ ಎಳೆಯಬಾರದು. ಗೆಳೆಯರೊಬ್ಬರು ಇನ್ನೊಂದು ಬೈಕ್‌ನಲ್ಲಿ ಹಿಂದೆ ಬಂದು ಎರಡೂ ಚಕ್ರ ಒಂದೇ ಗೆರೆಯಲ್ಲಿ ಇವೆಯೇ ನೋಡಲಿ.

ಕಾಗದಪತ್ರದಲ್ಲಿ ತಡೆ ಬರುವುದು ಹೆಚ್ಚಾಗಿ ಸಾಲದಿಂದ. ಆರ್‌ಸಿಯಲ್ಲಿ ಫೈನಾನ್ಸ್ ಹೆಸರಿದ್ದರೆ ಅವರ ಎನ್‌ಒಸಿ, ಸಾಲ ತೀರಿದೆ ಎನ್ನುವ ಫಾರ್ಮ್ 35 ಕೈಗೆ ಬರುವವರೆಗೆ ಪೂರ್ತಿ ಹಣ ಕೊಡಬೇಡಿ. ಹೆಸರು ಬದಲಾವಣೆಗೆ ಫಾರ್ಮ್ 29 ಮತ್ತು 30. ಖಾಲಿ ಫಾರ್ಮ್‌ಗೆ ಸಹಿ ಹಾಕಿಸಿಕೊಂಡು ಇಟ್ಟುಕೊಳ್ಳಬೇಡಿ, ಆ ವಾರವೇ ಅರ್ಜಿ ಹಾಕಿ. ವಿಮೆಯನ್ನು 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಲು ಅರ್ಜಿ ಕೊಡಬೇಕು. 15 ವರ್ಷ ಸಮೀಪಿಸಿದ ಬೈಕ್ ಆದರೆ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಖರ್ಚು, ಬೇರೆ ರಾಜ್ಯದ ನಂಬರ್ ಆದರೆ ಇಲ್ಲಿನ ಲೈಫ್ ಟ್ಯಾಕ್ಸ್ ಬೆಲೆಗೆ ಸೇರಿಸಿ ಲೆಕ್ಕ ಹಾಕಿ.

ಕೊಂಡ ಮಾರನೇ ದಿನವೇ ಎಂಜಿನ್ ಆಯಿಲ್ ಬದಲಿಸಿ, ಹಳೆಯದನ್ನು ಅಗಲವಾದ ಬಿಳಿ ಡಬ್ಬಿಗೆ ಇಳಿಸಿ ಬಿಸಿಲಲ್ಲಿ ನೋಡಿ. ಕಪ್ಪಗಿದ್ದರೆ ಚಿಂತೆಯಿಲ್ಲ. ಮಿನುಗುವ ಲೋಹದ ಪುಡಿ ತೇಲುತ್ತಿದ್ದರೆ 500 ಕಿ.ಮೀ.ಗೆ ಇನ್ನೊಮ್ಮೆ ಬದಲಿಸಿ, ಮತ್ತೆ ಅದೇ ಡಬ್ಬಿಯಲ್ಲಿ ನೋಡಿ.