ಕಾಳಿಯ ದಡದಲ್ಲಿ ಹಾಯಿದೋಣಿಯ ಸಿದ್ಧತೆ

ನವೆಂಬರಿನ ಹುಣ್ಣಿಮೆಯ ಉಬ್ಬರ ನೋಡಿಕೊಂಡು ನಮ್ಮ ಇಪ್ಪತ್ತಾರು ಅಡಿಯ ಫೈಬರ್ ಹಾಯಿದೋಣಿಯನ್ನು ಕೋಡಿಬಾಗದ ಬಳಿ ಕಾಳಿ ನದಿಯ ದಡಕ್ಕೆ ಏರಿಸಿ, ಎರಡೂ ಬದಿಗೆ ಗಾಳಿಮರದ ಊರೆ ಕೊಟ್ಟು ನಿಲ್ಲಿಸಿದ್ದೇವೆ. ಜನವರಿಯಲ್ಲಿ ನಾನು ಮತ್ತು ಭಾವ ಕಾರವಾರದಿಂದ ಕೊಚ್ಚಿಯವರೆಗೆ ಹೋಗಿ ಹಾಯಿಯ ಬಲದಲ್ಲೇ ಮರಳಬೇಕೆಂದಿದ್ದೇವೆ. ದೂರ ಸುಮಾರು 320 ನಾಟಿಕಲ್ ಮೈಲು, ಅಂದರೆ 590 ಕಿಲೋಮೀಟರಿನಷ್ಟು. ಗಂಟೆಗೆ ನಾಲ್ಕು ಮೈಲಿನಂತೆ ಸಾಗಿದರೆ ಹಗಲು ರಾತ್ರಿ ಸೇರಿ ಮೂರು ದಿನ ದಾಟುತ್ತದೆ.

ಮಳೆಗಾಲ ಮುಗಿದ ಕೂಡಲೇ ಹೊರಡಬಾರದೇ ಎಂದು ಹಲವರು ಕೇಳಿದ್ದಾರೆ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಅರಬ್ಬೀ ಸಮುದ್ರದಲ್ಲಿ ಚಂಡಮಾರುತಗಳ ಇನ್ನೊಂದು ಕಾಲವಿದೆ. 2017ರ ಡಿಸೆಂಬರ್ ಆರಂಭದಲ್ಲಿ ಲಕ್ಷದ್ವೀಪವನ್ನು ಹಾದುಹೋದ ಓಖಿಯನ್ನು ಕರಾವಳಿಯ ಮೀನುಗಾರರು ಮರೆತಿಲ್ಲ. ಆದ್ದರಿಂದಲೇ ಜನವರಿ.

ಆದರೆ ನನ್ನ ಸಿದ್ಧತೆಯ ಲೆಕ್ಕವೆಲ್ಲ ಮರಳುವ ದಾರಿಯದ್ದು. ಈ ತಿಂಗಳುಗಳಲ್ಲಿ ನಮ್ಮ ಕರಾವಳಿಯ ಮಧ್ಯಾಹ್ನದ ಗಾಳಿ ಹೆಚ್ಚಾಗಿ ವಾಯವ್ಯದಿಂದ ಬೀಸುತ್ತದೆ. ದಕ್ಷಿಣಕ್ಕೆ ಹೋಗುವವನನ್ನು ಬೆನ್ನು ತಟ್ಟಿ ಕಳಿಸುವ ಆ ಗಾಳಿ ಉತ್ತರಕ್ಕೆ ಬರುವವನ ಮುಖಕ್ಕೇ ಬಡಿಯುತ್ತದೆ. ರಾತ್ರಿ ಸಹ್ಯಾದ್ರಿಯ ಕಡೆಯಿಂದ ನೆಲಗಾಳಿ ಇಳಿಯುತ್ತದೆಯಾದರೂ ಅದನ್ನು ಹಿಡಿಯಲು ದಡದ ಹತ್ತಿರವಿರಬೇಕು, ದಡದ ಹತ್ತಿರವೋ ಬಲೆಗಳ ಸಾಲು. ಹೀಗಾಗಿ ಹೋಗಲು ನಾಲ್ಕು ದಿನವೆಂದರೆ ಬರಲು ಹತ್ತು ದಿನವೆಂದೇ ನಾವು ಹಿಡಿದಿದ್ದೇವೆ. ಎದುರುಗಾಳಿಗೆ ನೇರ ಹೋಗಲಾಗದೆ ಓರೆಯಾಗಿ ಏರುವಾಗ ದೋಣಿಯ ಒಡಲು, ತಂತಿ, ಬೋಲ್ಟುಗಳ ಮೇಲೆ ಬೀಳುವ ಒತ್ತಡ ಹೋಗುವಾಗಿನದಕ್ಕೆ ಹೋಲಿಕೆಯೇ ಅಲ್ಲ.

ದೂರಯಾನಕ್ಕೆ ಹೊರಡುವವರು ಮೊದಲು ಕೊಳ್ಳುವುದು ಜಿಪಿಎಸ್ ಪರದೆ, ಸೋಲಾರ್ ಫಲಕ, ಹೊಸ ಹಾಯಿ. ನನ್ನ ಅಭಿಪ್ರಾಯದಲ್ಲಿ ಮೊದಲ ಹಣ ಮತ್ತು ಮೊದಲ ಸಮಯ ನೀರಿನ ಮಟ್ಟದ ಕೆಳಗಿರುವ ಭಾಗಕ್ಕೆ ಸಲ್ಲಬೇಕು. ಇದನ್ನು ನಾನು ಪಾಠದಿಂದ ಕಲಿತದ್ದಲ್ಲ. ನಮ್ಮ ದೋಣಿಯ ತಳದಲ್ಲಿ ಮೂರು ರಂಧ್ರಗಳಿವೆ: ಎಂಜಿನ್ ತಂಪಾಗಿಸುವ ನೀರು ಒಳಬರಲು ಒಂದು, ಪಾತ್ರೆ ತೊಳೆದ ನೀರು ಹೊರಹೋಗಲು ಒಂದು, ಶೌಚಕ್ಕೆ ಒಂದು. ಪ್ರತಿಯೊಂದಕ್ಕೂ ಒಂದು ವಾಲ್ವ್ ಇದೆ. ನಾಲ್ಕು ವರ್ಷಗಳ ಹಿಂದೆ ಒಂದು ಅಂಗಡಿಯಲ್ಲಿ ಕಂಚಿನದೆಂದು ಹೇಳಿ ಕೊಟ್ಟ ವಾಲ್ವನ್ನು ನಂಬಿ ಹಾಕಿಸಿದ್ದೆ. ಈ ಬಾರಿ ದೋಣಿ ಏರಿಸಿದ ಮರುದಿನ ಬೆಳಿಗ್ಗೆ, ಟಾರ್ಚ್ ಕಚ್ಚಿಕೊಂಡು ಒಳಗೆ ಅಂಗಾತ ಮಲಗಿ, ಅದರ ಹಸಿರು ಕಿಲುಬನ್ನು ಚಾಕುವಿನ ಮೊನೆಯಿಂದ ಕೆರೆದೆ. ಕೆಳಗೆ ಹಳದಿಯ ಬದಲು ತಾಮ್ರದಂಥ ಗುಲಾಬಿ ಬಣ್ಣ ಕಂಡಿತು. "ಭಾವಾ, ಇದು ಕಂಚಲ್ಲ, ಹಿತ್ತಾಳೆ," ಎಂದೆ. ಹಿತ್ತಾಳೆಯಲ್ಲಿರುವ ಸತುವನ್ನು ಉಪ್ಪುನೀರು ನಿಧಾನವಾಗಿ ಎಳೆದುಕೊಂಡುಬಿಡುತ್ತದೆ; ಉಳಿಯುವುದು ಆಕಾರ ಕೆಡದ, ಸತ್ವವಿಲ್ಲದ, ಸ್ಪಂಜಿನಂಥ ತಾಮ್ರ. ಭಾವ ಸಣ್ಣ ಸುತ್ತಿಗೆಯಿಂದ ಒಮ್ಮೆ ತಟ್ಟಿದ್ದಕ್ಕೆ ಹಿಡಿಕೆಯ ಬುಡ ಒಣ ಬಿಸ್ಕತ್ತಿನಂತೆ ಮುರಿದು ನನ್ನ ಎದೆಯ ಮೇಲೆ ಬಿತ್ತು. ಅದು ಕೇರಳದ ಕರಾವಳಿಯಲ್ಲಿ ರಾತ್ರಿ ಹೊತ್ತು ಮುರಿದಿದ್ದರೆ ಎಂಬ ಯೋಚನೆಯಲ್ಲಿ ಇಬ್ಬರೂ ಬಹಳ ಹೊತ್ತು ಮಾತಾಡಲಿಲ್ಲ.

ಈಗ ಮೂರೂ ವಾಲ್ವ್ ನಿಜವಾದ ಕಂಚಿನವು. ಪ್ರತಿ ಕೊಳವೆಗೆ ಎರಡೆರಡು ಸ್ಟೀಲ್ ಕ್ಲಿಪ್ ಬಿಗಿದು, ಪಕ್ಕದಲ್ಲೇ ಆ ರಂಧ್ರದ ಅಳತೆಗೆ ತಕ್ಕಂತೆ ಮೆದು ಮರದಲ್ಲಿ ಕಡೆಸಿದ ಬೆಣೆಯೊಂದನ್ನು ದಾರದಲ್ಲಿ ಕಟ್ಟಿದ್ದೇವೆ. ವಾಲ್ವ್ ಮುರಿದು ನೀರು ನುಗ್ಗುವಾಗ ರಂಧ್ರಕ್ಕೆ ಬಡಿಯುವ ಬೆಣೆಯನ್ನು ಹುಡುಕುತ್ತ ಕೂರಲಾಗದು.

ಹಾಯಿ ಕಟ್ಟುವ ಕೂವೆಕಂಬವನ್ನು ಹಿಡಿದಿಡುವ ಸ್ಟೀಲ್ ತಂತಿಗಳನ್ನು ಹತ್ತಿಯ ಉಂಡೆಯಿಂದ ಮೇಲಿನಿಂದ ಕೆಳಗಿನವರೆಗೆ ಸವರಿದೆವು. ಒಂದು ಎಳೆ ಮುರಿದಿದ್ದರೂ ಹತ್ತಿಯ ನಾರು ಅಲ್ಲಿ ಸಿಕ್ಕಿಕೊಳ್ಳುತ್ತದೆ. ಎಡಬದಿಯ ಕೆಳತುದಿಯಲ್ಲಿ, ತಂತಿ ಲೋಹದ ಕೊರಳೊಳಗೆ ಹೋಗುವಲ್ಲಿ, ಸಿಕ್ಕಿತು. ತಂತಿಗಳಿಗೆ ಹನ್ನೊಂದು ವರ್ಷವಾಗಿತ್ತು, ಹತ್ತು ವರ್ಷಕ್ಕೊಮ್ಮೆ ಬದಲಿಸುವುದು ರೂಢಿ. ಒಂದನ್ನೇ ಬದಲಿಸದೆ ಎಲ್ಲವನ್ನೂ ತೆಗೆಸಿದೆವು. ಖರ್ಚು ಹೆಚ್ಚಾಯಿತು, ಬೇಸರವಿಲ್ಲ.

ತಳಕ್ಕಂಟಿದ ಚಿಪ್ಪುಗಳನ್ನು ಕೆರೆದು ಬಣ್ಣ ಬಳಿಯುವುದು, ಬೇರೆ ಲೋಹಭಾಗಗಳ ಬದಲು ತಾವೇ ಸವೆಯುವ ಸತುವಿನ ತುಂಡುಗಳನ್ನು ಬದಲಿಸುವುದು, ಡೀಸೆಲ್ ಟ್ಯಾಂಕಿನ ಅಡಿಯಲ್ಲಿ ಸೇರಿದ ನೀರನ್ನು ಇಳಿಸಿ ಎರಡು ಫಿಲ್ಟರ್ ಮತ್ತು ಒಂದು ಪಂಪಿನ ರಬ್ಬರ್ ಚಕ್ರವನ್ನು ಹೆಚ್ಚುವರಿಯಾಗಿ ಇಟ್ಟುಕೊಳ್ಳುವುದು ಎಲ್ಲರೂ ಮಾಡುವ ಕೆಲಸ. ಬಲೆಯ ಹಗ್ಗ ಪ್ರೊಪೆಲ್ಲರಿಗೆ ಸುತ್ತಿದರೆ ಕತ್ತರಿಸಲು ಹಲ್ಲಿರುವ ಚಾಕುವೊಂದು ಚುಕ್ಕಾಣಿಯ ಪಕ್ಕದಲ್ಲಿದೆ. ಹಡಗುಗಳೊಂದಿಗೆ ಮಾತಾಡುವ ವಿಎಚ್ಎಫ್ ರೇಡಿಯೊ ತುರ್ತು ಕರೆಯ 16ನೇ ಚಾನೆಲ್ಲಿನಲ್ಲಿ ಸದಾ ತೆರೆದಿರುತ್ತದೆ. ಕೋಸ್ಟ್ ಗಾರ್ಡಿನ 1554 ಸಂಖ್ಯೆಯನ್ನು ಒಳಗಿನ ಗೋಡೆಯ ಮೇಲೆ ದೊಡ್ಡದಾಗಿ ಬರೆದಿದ್ದೇವೆ. 2018ರ ಸೆಪ್ಟೆಂಬರಿನಲ್ಲಿ ದಕ್ಷಿಣ ಹಿಂದೂ ಮಹಾಸಾಗರದಲ್ಲಿ ಕೂವೆಕಂಬ ಮುರಿದು, ಬೆನ್ನಿಗೆ ಪೆಟ್ಟಾಗಿ ಮಲಗಿದ್ದ, ಹಾಯಿದೋಣಿಯಲ್ಲಿ ಒಂಟಿಯಾಗಿ ಭೂಮಿ ಸುತ್ತಲು ಹೊರಟಿದ್ದ ನೌಕಾಪಡೆಯ ಅಧಿಕಾರಿ ಅಭಿಲಾಷ್ ಟೋಮಿಯವರನ್ನು ಮೂರನೆಯ ದಿನ ಫ್ರೆಂಚ್ ಹಡಗೊಂದು ತಲುಪಿತು. ಅವರಿರುವ ಜಾಗ ಉಪಗ್ರಹದ ಮೂಲಕ ಗೊತ್ತಿಲ್ಲದಿದ್ದರೆ ಅದು ಆಗುವ ಮಾತಾಗಿರಲಿಲ್ಲ. ಆದ್ದರಿಂದ ದೋಣಿಯಿರುವ ಜಾಗವನ್ನು ಉಪಗ್ರಹಕ್ಕೆ ತಿಳಿಸುವ 406 ಮೆಗಾಹರ್ಟ್ಸ್‌ನ ತುರ್ತು ಸಂಕೇತ ಯಂತ್ರದ ವಿಷಯದಲ್ಲಿ ನಾವು ಉಳಿತಾಯ ಮಾಡಲಿಲ್ಲ.

ಕುಡಿಯುವ ನೀರು ತಲೆಗೆ ದಿನಕ್ಕೆ ನಾಲ್ಕು ಲೀಟರಿನಂತೆ, ಹತ್ತು ದಿನಕ್ಕೆ 80 ಲೀಟರ್. ಒಂದೇ ಟ್ಯಾಂಕಿನಲ್ಲಿಟ್ಟು ಅದು ಕೆಟ್ಟರೆ ಗತಿಯಿಲ್ಲವೆಂದು ಅದನ್ನು ಎಂಟು ಕ್ಯಾನುಗಳಲ್ಲಿ ಹಂಚಿದ್ದೇವೆ. ಶಿರಸಿಯಿಂದ ಅಕ್ಕ ಅಪ್ಪೆಮಿಡಿ ಉಪ್ಪಿನಕಾಯಿ, ಜೋನಿಬೆಲ್ಲ, ಒಣಗಿಸಿದ ಮುರುಗಲು ಸಿಪ್ಪೆ ಕಳಿಸಿದ್ದಾಳೆ. ಕುಚ್ಚಲಕ್ಕಿ, ಅವಲಕ್ಕಿ, ಒಣಮೀನು ಇಲ್ಲಿಯವೇ. ಅಲೆಗೆ ಹೊಟ್ಟೆ ತೊಳಸಿದಾಗ ಗಂಜಿ ಮತ್ತು ಅಪ್ಪೆಮಿಡಿಯಷ್ಟು ಒಳಗೆ ನಿಲ್ಲುವ ಊಟವನ್ನು ನಾನು ಬೇರೆ ಕಂಡಿಲ್ಲ.

ಬರುವ ಅಮಾವಾಸ್ಯೆಯ ಉಬ್ಬರಕ್ಕೆ ದೋಣಿ ನೀರಿಗಿಳಿಯುತ್ತದೆ. ಆ ರಾತ್ರಿ ಇಬ್ಬರೂ ಅದರಲ್ಲೇ ಮಲಗಿ, ಎರಡು ಗಂಟೆಗೊಮ್ಮೆ ಎದ್ದು, ಮೂರೂ ವಾಲ್ವುಗಳ ಸುತ್ತ ಒಣ ಕಾಗದ ಒತ್ತಿ ಪಸೆಯಿದೆಯೇ ಎಂದು ನೋಡಬೇಕೆಂದು ನಿಶ್ಚಯಿಸಿದ್ದೇವೆ.